ಥೈರಾಯ್ಡ್ ತೊಂದರೆಯನ್ನು ಗುರುತಿಸುವ ಕ್ರಮ: ನಾಡಿಯಿಂದ ರಕ್ತಪರೀಕ್ಷೆಯ ವರದಿಯವರೆಗೆ

‘ನನಗೆ ಥೈರಾಯ್ಡ್ ಇದೆಯೇ?’ ಎಂದು ಕೇಳುವವರಿಗೆ ಉತ್ತರ ಸುಲಭ: ಎಲ್ಲರಿಗೂ ಇದೆ. ಅದು ಕುತ್ತಿಗೆಯ ಮುಂಭಾಗದಲ್ಲಿ, ಗಂಟಲುಮಣಿಯ ಕೆಳಗೆ, ಶ್ವಾಸನಾಳವನ್ನು ತಬ್ಬಿ ಕುಳಿತ ಸುಮಾರು 20 ಗ್ರಾಂ ತೂಕದ ಗ್ರಂಥಿ. ಕೇಳಬೇಕಾದ ಪ್ರಶ್ನೆ ಬೇರೆ. ಅದು ಹಾರ್ಮೋನನ್ನು ಕಡಿಮೆ ಸುರಿಸುತ್ತಿದೆಯೇ, ಹೆಚ್ಚು ಸುರಿಸುತ್ತಿದೆಯೇ, ಅಥವಾ ಹಾರ್ಮೋನು ಸರಿಯಾಗಿದ್ದೂ ಗ್ರಂಥಿಯಲ್ಲಿ ಗಂಟು, ಊತ ಕಾಣಿಸಿಕೊಂಡಿದೆಯೇ? ಇವು ಮೂರು ಬೇರೆ ಬೇರೆ ತೊಂದರೆಗಳು. ಒಂದನ್ನು ಹುಡುಕುವ ದಾರಿಯಲ್ಲಿ ಇನ್ನೊಂದು ಸಿಗುವುದಿಲ್ಲ.

ಲಕ್ಷಣಗಳ ಪಟ್ಟಿ ಎಲ್ಲ ಕಡೆಯೂ ಸಿಗುತ್ತದೆ. ಆದರೂ ಜನ ಎಡವುವುದು ಅದೇ ಮೂರು ಜಾಗಗಳಲ್ಲಿ. ಒಂದೇ ಲಕ್ಷಣಕ್ಕೆ ಅಂಟಿಕೊಳ್ಳುತ್ತಾರೆ, ಅದೂ ಹೆಚ್ಚಾಗಿ ತೂಕಕ್ಕೆ. ಯಾವುದೋ ಒಂದು ದಿನ, ಯಾವುದೋ ಸ್ಥಿತಿಯಲ್ಲಿ ರಕ್ತ ಕೊಟ್ಟು ಬರುತ್ತಾರೆ. ಬಂದ ವರದಿಯನ್ನು ತಲೆಕೆಳಗಾಗಿ ಓದುತ್ತಾರೆ. ಆದ್ದರಿಂದ ಇಲ್ಲಿ ಪಟ್ಟಿಗಿಂತ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಬೇಕಾಗುವ ವಸ್ತುಗಳು

ಒಂದು ಪುಸ್ತಕ ಮತ್ತು ಪೆನ್ನು, ಸೆಕೆಂಡು ತೋರಿಸುವ ಗಡಿಯಾರ, ತೂಕದ ಯಂತ್ರ, ಕೈಗನ್ನಡಿ, ಒಂದು ಲೋಟ ನೀರು, ಒಂದು ಹಾಳೆ ತೆಳು ಕಾಗದ. ಇವುಗಳ ಜೊತೆಗೆ ಒಂದೆರಡು ವರ್ಷ ಹಿಂದಿನ ನಿಮ್ಮ ಭಾವಚಿತ್ರ, ಹಳೆಯ ರಕ್ತಪರೀಕ್ಷೆಯ ವರದಿಗಳು, ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ವಿಟಮಿನ್ ಮಾತ್ರೆಗಳನ್ನು ಪಟ್ಟಿಯಿಂದ ಬಿಡಬೇಡಿ. ಅವುಗಳಲ್ಲಿ ಒಂದು ಮುಂದೆ ನಮಗೆ ತೊಂದರೆ ಕೊಡಲಿದೆ.

ಹಂತ 1: ಕಾಯಬಾರದ ಗುರುತುಗಳಿವೆಯೇ ಎಂದು ಮೊದಲು ನೋಡಿ

ಥೈರಾಯ್ಡ್ ತೊಂದರೆಗಳಲ್ಲಿ ಹೆಚ್ಚಿನವು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ. ಎರಡು ವಾರ ಗಮನಿಸಿ ವೈದ್ಯರ ಬಳಿ ಹೋದರೆ ನಷ್ಟವಿಲ್ಲ. ಆದರೆ ಕೆಲವು ಸ್ಥಿತಿಗಳಲ್ಲಿ ಎರಡು ಗಂಟೆಯೂ ಕಾಯಬಾರದು.

ತೀವ್ರ ಜ್ವರ, ನಿಮಿಷಕ್ಕೆ 130–140ನ್ನು ದಾಟಿದ ಎದೆಬಡಿತ, ವಾಂತಿ, ಭೇದಿ, ಜೊತೆಗೆ ಗಲಿಬಿಲಿ ಅಥವಾ ಅಸಂಬದ್ಧ ಮಾತು: ಹಾರ್ಮೋನು ಮಿತಿಮೀರಿ ಉಕ್ಕಿದಾಗ ಹೀಗಾಗುತ್ತದೆ. ಇದಕ್ಕೆ ತದ್ವಿರುದ್ಧವಾದ ಚಿತ್ರವೂ ಅಷ್ಟೇ ಅಪಾಯಕಾರಿ. ದೇಹ ತಣ್ಣಗಾಗಿ, ನಾಡಿ ನಿಧಾನವಾಗಿ, ಉಸಿರು ಮಂದವಾಗಿ, ಎಬ್ಬಿಸಿದರೂ ಏಳದ ಮಂಪರು ಆವರಿಸುತ್ತದೆ. ಬಹುಕಾಲ ಥೈರಾಯ್ಡ್ ಮಾತ್ರೆ ನಿಲ್ಲಿಸಿದ ವಯಸ್ಸಾದವರಲ್ಲಿ, ಅದರಲ್ಲೂ ಚಳಿಗಾಲದಲ್ಲಿ ಅಥವಾ ಸೋಂಕು ತಗುಲಿದಾಗ ಇದು ಕಾಣಿಸಿಕೊಳ್ಳುತ್ತದೆ. ಎರಡೂ ತುರ್ತು ಚಿಕಿತ್ಸಾ ಘಟಕಕ್ಕೆ ಸೇರಿದ ಸ್ಥಿತಿಗಳು.

ಕುತ್ತಿಗೆಯ ಊತದಿಂದ ಉಸಿರಾಟಕ್ಕೇ ಅಡ್ಡಿಯಾಗುತ್ತಿದ್ದರೆ, ಉಬ್ಬಿದ ಕಣ್ಣಿನ ದೃಷ್ಟಿ ಮಂಜಾಗುತ್ತಿದ್ದರೆ ಅಥವಾ ಬಣ್ಣಗಳು ಮಾಸಿದಂತೆ ಕಾಣುತ್ತಿದ್ದರೆ, ಎದೆಬಡಿತ ತಾಳ ತಪ್ಪಿ ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇವು ಯಾವುವೂ ಇಲ್ಲವೆಂದಾದರೆ ಮಾತ್ರ ಮುಂದಿನ ಹಂತ.

ಹಂತ 2: ಎರಡು ವಾರ ಬರೆದಿಡಿ

ಬಹಳ ಮಂದಿ ಬಿಟ್ಟುಬಿಡುವ ಹಂತ ಇದು. ನನ್ನ ಅನಿಸಿಕೆಯಲ್ಲಿ ಅತಿ ಹೆಚ್ಚು ಉಪಯೋಗದ ಹಂತವೂ ಇದೇ. ನೆನಪು ನಂಬಿಕೆಗೆ ಅರ್ಹವಲ್ಲ. ‘ಇತ್ತೀಚೆಗೆ ಸುಸ್ತು’ ಎಂದರೆ ಮೂರು ವಾರವೋ ಮೂರು ವರ್ಷವೋ ಎಂದು ವೈದ್ಯರು ಕೇಳಿದಾಗ ಹೆಚ್ಚಿನವರು ತಡಕಾಡುತ್ತಾರೆ.

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಮಣಿಕಟ್ಟಿನ ನಾಡಿಯನ್ನು ಪೂರ್ತಿ 60 ಸೆಕೆಂಡು ಎಣಿಸಿ ಬರೆಯಿರಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಇಲ್ಲಿ ಬೇಡ, ಏಕೆಂದರೆ ಬಡಿತದ ತಾಳ ತಪ್ಪುತ್ತಿದ್ದರೆ ಅದು ಗೊತ್ತಾಗುವುದಿಲ್ಲ. ವಾರಕ್ಕೆರಡು ಸಲ, ಅದೇ ಹೊತ್ತಿಗೆ, ಅದೇ ಯಂತ್ರದ ಮೇಲೆ ತೂಕ ನೋಡಿ. ದಿನಕ್ಕೆ ಎಷ್ಟು ಬಾರಿ ಮಲವಿಸರ್ಜನೆ, ಎಷ್ಟು ಗಂಟೆ ನಿದ್ದೆ, ಹಸಿವು ಹೇಗಿದೆ ಎಂಬುದನ್ನು ಒಂದೊಂದು ಪದದಲ್ಲಿ ಗುರುತು ಮಾಡಿ. ಮಹಿಳೆಯರು ಕಳೆದ ಆರು ತಿಂಗಳ ಮುಟ್ಟಿನ ದಿನಾಂಕಗಳನ್ನೂ ಸ್ರಾವ ಹೆಚ್ಚಿತ್ತೋ ಕಡಿಮೆಯಿತ್ತೋ ಎಂಬುದನ್ನೂ ನೆನಪಿದ್ದಷ್ಟು ಬರೆಯಲಿ.

ಹೋಲಿಕೆ ಪಕ್ಕದವರೊಂದಿಗೆ ಬೇಡ, ಹಳೆಯ ನಿಮ್ಮೊಂದಿಗೇ ಇರಲಿ. ಹುಟ್ಟಿನಿಂದಲೂ ಚಳಿ ತಡೆಯದವರಿಗೆ ಚಳಿಯಾಗುವುದು ಸುದ್ದಿಯಲ್ಲ. ಸದಾ ಫ್ಯಾನು ಹಾಕಿಕೊಂಡು ಮಲಗುತ್ತಿದ್ದವರು ಈಗ ಹೊದಿಕೆ ಹುಡುಕುತ್ತಿದ್ದರೆ ಅದು ಸುದ್ದಿ.

ಉಷ್ಣಮಾಪಕವನ್ನು ಕಂಕುಳಲ್ಲಿಟ್ಟು ಬೆಳಗಿನ ದೇಹದ ಬಿಸಿ ನೋಡಿ ಥೈರಾಯ್ಡ್ ಸ್ಥಿತಿ ಹೇಳುವ ವಿಧಾನವೊಂದು ಪ್ರಚಾರದಲ್ಲಿದೆ. ಅದನ್ನು ಬಿಡಿ. ದೇಹದ ಬಿಸಿಯನ್ನು ಏರಿಳಿಸುವ ಸಂಗತಿಗಳು ಹತ್ತಾರಿವೆ, ಅದರಿಂದ ಏನೂ ತೀರ್ಮಾನವಾಗದು.

ಹಂತ 3: ದೇಹ ನಿಧಾನಿಸಿದೆಯೋ, ಓಡುತ್ತಿದೆಯೋ ಎಂದು ಗುಂಪು ಮಾಡಿ

ಥೈರಾಯ್ಡ್ ಹಾರ್ಮೋನು ದೇಹದ ಬಹುಪಾಲು ಜೀವಕೋಶಗಳ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ಆದ್ದರಿಂದಲೇ ತೊಂದರೆ ಒಂದು ಅಂಗಕ್ಕೆ ನಿಲ್ಲುವುದಿಲ್ಲ. ಕರುಳು, ಚರ್ಮ, ಹೃದಯ, ಮನಸ್ಸು ಎಲ್ಲವೂ ಒಂದೇ ದಿಕ್ಕಿಗೆ ವಾಲುತ್ತವೆ. ನೀವು ಹುಡುಕಬೇಕಾದದ್ದು ಆ ವಾಲುವಿಕೆಯನ್ನು.

ಹಾರ್ಮೋನು ಕಡಿಮೆಯಾದಾಗ, ಅಂದರೆ ಹೈಪೊಥೈರಾಯ್ಡಿಸಮ್‌ನಲ್ಲಿ, ಎಲ್ಲವೂ ನಿಧಾನವಾಗುತ್ತದೆ. ಎಷ್ಟು ಮಲಗಿದರೂ ತೀರದ ಆಯಾಸ, ಚಳಿ, ಮಲಬದ್ಧತೆ, ಒರಟಾಗಿ ಒಣಗಿದ ಚರ್ಮ, ಉದುರುವ ಕೂದಲು, ಬೆಳಿಗ್ಗೆ ಎದ್ದಾಗ ಊದಿಕೊಂಡ ಕಣ್ಣುರೆಪ್ಪೆ, ದಪ್ಪಗಾದ ದನಿ, ಸ್ನಾಯುಗಳಲ್ಲಿ ಸೆಳೆತ, ಮರೆವು, ಯಾವುದರಲ್ಲೂ ಉತ್ಸಾಹವಿಲ್ಲದಿರುವುದು. ಮುಟ್ಟಿನ ಸ್ರಾವ ಸಾಮಾನ್ಯವಾಗಿ ಹೆಚ್ಚುತ್ತದೆ. ಗರ್ಭ ನಿಲ್ಲಲು ತಡವಾಗಬಹುದು. ಕೆಲವರಲ್ಲಿ ರಾತ್ರಿ ಕೈಬೆರಳು ಜೋಮು ಹಿಡಿಯುವುದೇ ಮೊದಲ ಗುರುತು. ಇನ್ನು ಕೆಲವರಲ್ಲಿ ಬೇರೆ ಯಾವ ದೂರೂ ಇಲ್ಲದೆ ಕೊಲೆಸ್ಟರಾಲ್ ಮಾತ್ರ ಏರಿರುತ್ತದೆ.

ತೂಕದ ಬಗ್ಗೆ ಒಂದು ಮಾತು ಹೇಳಲೇಬೇಕು. ಹಾರ್ಮೋನಿನ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕಿಲೋ ಮಾತ್ರ. ಅದರಲ್ಲಿ ಬಹುಪಾಲು ದೇಹ ಹಿಡಿದಿಟ್ಟುಕೊಂಡ ಉಪ್ಪು ಮತ್ತು ನೀರು, ಕೊಬ್ಬಲ್ಲ. ಇಪ್ಪತ್ತು ಕಿಲೋ ಏರಿಕೆಯ ಹೊಣೆಯನ್ನು ಪೂರ್ತಿಯಾಗಿ ಈ ಪುಟ್ಟ ಗ್ರಂಥಿಯ ಮೇಲೆ ಹೊರಿಸಿದರೆ, ಮಾತ್ರೆ ಶುರುವಾದ ಮೇಲೂ ತೂಕ ಇಳಿಯದೆ ನಿರಾಶೆಯಾಗುವುದು ಖಂಡಿತ.

ಹಾರ್ಮೋನು ಹೆಚ್ಚಾದಾಗ, ಅಂದರೆ ಹೈಪರ್‌ಥೈರಾಯ್ಡಿಸಮ್‌ನಲ್ಲಿ, ಎಲ್ಲವೂ ಓಟಕ್ಕೆ ಬೀಳುತ್ತದೆ. ಚೆನ್ನಾಗಿ ಉಣ್ಣುತ್ತಿದ್ದರೂ ತೂಕ ಇಳಿಯುತ್ತದೆ. ಕುಳಿತಲ್ಲೇ ಎದೆ ಡವಗುಟ್ಟುತ್ತದೆ. ಸೆಕೆ ತಡೆಯಲಾಗದು, ಅಂಗೈ ಬೆವರುತ್ತದೆ, ಬೆರಳು ನಡುಗುತ್ತವೆ, ದಿನಕ್ಕೆ ಮೂರು ನಾಲ್ಕು ಸಲ ಮಲವಿಸರ್ಜನೆಗೆ ಹೋಗಬೇಕಾಗುತ್ತದೆ. ನಿದ್ದೆ ಹತ್ತುವುದಿಲ್ಲ, ಸಣ್ಣ ಮಾತಿಗೂ ರೇಗುವುದಾಗುತ್ತದೆ. ಮುಟ್ಟಿನ ಸ್ರಾವ ಕಡಿಮೆಯಾಗುತ್ತದೆ ಅಥವಾ ಮುಟ್ಟೇ ತಪ್ಪುತ್ತದೆ. ತೊಡೆ ಮತ್ತು ಭುಜದ ಸ್ನಾಯುಗಳು ಸೊರಗುವುದರಿಂದ ಮೆಟ್ಟಿಲು ಹತ್ತುವುದು ಕಷ್ಟವೆನಿಸುತ್ತದೆ. ‘ಆತಂಕದ ಕಾಯಿಲೆ’ ಎಂಬ ಹಣೆಪಟ್ಟಿ ಹೊತ್ತು ತಿಂಗಳುಗಟ್ಟಲೆ ಅಲೆಯುವವರಲ್ಲಿ ಇಂಥವರೂ ಇರುತ್ತಾರೆ.

ನಿಮ್ಮ ಟಿಪ್ಪಣಿಯಲ್ಲಿ ಒಂದೇ ದಿಕ್ಕಿನ ಮೂರು ಅಥವಾ ಹೆಚ್ಚು ಗುರುತುಗಳು, ಬೇರೆ ಬೇರೆ ಅಂಗಗಳಿಗೆ ಸೇರಿದವು, ಸರಿಸುಮಾರು ಒಂದೇ ಕಾಲಕ್ಕೆ ಶುರುವಾಗಿವೆಯೇ ನೋಡಿ. ಹಾಗಿದ್ದರೆ ಅನುಮಾನಕ್ಕೆ ಬಲವಿದೆ. ಕೂದಲು ಉದುರುವುದೊಂದೇ ಇದ್ದರೆ ಅನುಮಾನ ಬಹಳ ದುರ್ಬಲ. ಇದು ಶಾಸ್ತ್ರೀಯ ಅಂಕಪಟ್ಟಿಯಲ್ಲ, ಯೋಚಿಸಲು ಒಂದು ಹಿಡಿಕೆ ಅಷ್ಟೇ. ಯಾವ ಲಕ್ಷಣವೂ ಇಲ್ಲದೆ ಹಾರ್ಮೋನು ಏರುಪೇರಾದವರೂ ಇದ್ದಾರೆ.

ಎರಡೂ ದಿಕ್ಕಿನ ಗುರುತುಗಳು ಬೆರೆತು ಬಂದರೆ? ಕೆಲವೊಮ್ಮೆ ಅದಕ್ಕೂ ಕಾರಣವಿದೆ. ಗ್ರಂಥಿಗೆ ಉರಿಯೂತವಾದಾಗ ಅದರೊಳಗೆ ಸಂಗ್ರಹವಾಗಿದ್ದ ಹಾರ್ಮೋನು ಒಮ್ಮೆಲೇ ರಕ್ತಕ್ಕೆ ಸೋರಿ ಮೊದಲು ಓಟ, ಸಂಗ್ರಹ ಬರಿದಾದ ಮೇಲೆ ಕೆಲವು ತಿಂಗಳು ನಿಧಾನ, ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ದಿನಾಂಕ ಬರೆದಿಡಿ ಎಂದದ್ದು ಇದಕ್ಕೇ.

ಹಂತ 4: ಹತ್ತು ನಿಮಿಷದ ದೇಹಪರೀಕ್ಷೆ

ನಾಡಿಯಿಂದ ಆರಂಭಿಸಿ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ 60–100 ಸಾಮಾನ್ಯ. ಹಲವು ದಿನ ಬೆಳಗಿನ ಎಣಿಕೆಯೇ 90–100ರ ಮೇಲಿದ್ದರೆ ಗುರುತು ಹಾಕಿ. ವ್ಯಾಯಾಮ ಮಾಡುವವರಲ್ಲಿ 60ಕ್ಕಿಂತ ಕೆಳಗಿರುವುದು ಸಹಜ. ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳೂ ಬಡಿತವನ್ನು ತಗ್ಗಿಸಿ ಚಿತ್ರವನ್ನು ಮರೆಮಾಡುತ್ತವೆ.

ಎರಡೂ ಕೈಗಳನ್ನು ಮುಂದೆ ಚಾಚಿ, ಬೆರಳುಗಳನ್ನು ಬಿಡಿಸಿ, ಮೇಲೆ ತೆಳು ಕಾಗದವಿರಿಸಿ. ಬರಿಗಣ್ಣಿಗೆ ಕಾಣದ ಸಣ್ಣ ನಡುಕವೂ ಕಾಗದದ ಅಂಚಿನಲ್ಲಿ ಕಾಣುತ್ತದೆ. ಕಾಫಿ ಕುಡಿದ ಕೂಡಲೇ ಈ ಪರೀಕ್ಷೆ ಬೇಡ.

ಕುರ್ಚಿಯಲ್ಲಿ ಕುಳಿತು, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕುಳಿತುಕೊಳ್ಳಿ. ಮೊದಲು ಸಲೀಸಾಗಿದ್ದದ್ದು ಈಗ ಆಗುತ್ತಿಲ್ಲವೆಂದರೆ ತೊಡೆಯ ಸ್ನಾಯು ಬಲ ಕಳೆದುಕೊಂಡಿದೆ.

ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ತೆಗೆಯಿರಿ. ಗುಳಿ ಬಿದ್ದು ಹಾಗೆಯೇ ಉಳಿದರೆ ಅದು ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನ ಕಡೆಗೆ ಬೊಟ್ಟು ಮಾಡುವ ಊತ. ಅದಕ್ಕೂ ವೈದ್ಯರು ಬೇಕು, ಆದರೆ ಕಾರಣ ಬೇರೆ. ಹಾರ್ಮೋನು ಬಹಳ ಕಡಿಮೆಯಾದಾಗ ಬರುವ ಊತ ಹಿಟ್ಟಿನಂತೆ ಗಟ್ಟಿ, ಸಾಮಾನ್ಯವಾಗಿ ಗುಳಿ ಬೀಳುವುದಿಲ್ಲ.

ಕೊನೆಗೆ ಕನ್ನಡಿಯ ಮುಂದೆ ಹಳೆಯ ಭಾವಚಿತ್ರವನ್ನು ಹಿಡಿದು ನೋಡಿ. ನಿಧಾನವಾಗಿ ಬದಲಾದ ಮುಖ ದಿನವೂ ನೋಡುವವರಿಗೆ ತಿಳಿಯುವುದಿಲ್ಲ. ಮುಖ ಊದಿದೆಯೇ? ಹುಬ್ಬಿನ ಹೊರತುದಿಯ ಮೂರನೇ ಒಂದು ಭಾಗ ತೆಳುವಾಗಿದೆಯೇ? ಕಣ್ಣುಗುಡ್ಡೆ ಮುಂದಕ್ಕೆ ಬಂದಂತಿದೆಯೇ, ಕಣ್ಣಿನ ಕಪ್ಪು ಭಾಗದ ಮೇಲೂ ಬಿಳಿ ಕಾಣುತ್ತಿದೆಯೇ? ಕಣ್ಣು ಉಬ್ಬುವುದು ಗ್ರೇವ್ಸ್ ಕಾಯಿಲೆಯ ಗುರುತು; ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಕೆಣಕಿ ಹಾರ್ಮೋನು ಹೆಚ್ಚಿಸುವ ಕಾಯಿಲೆ ಅದು. ಒಂದೇ ಕಣ್ಣಿನಲ್ಲಿ ಶುರುವಾಗುವುದೂ ಉಂಟು. ಧೂಮಪಾನ ಮಾಡುವವರಲ್ಲಿ ಇದು ಹೆಚ್ಚು, ತೀವ್ರತೆಯೂ ಹೆಚ್ಚು.

ಹಂತ 5: ಕುತ್ತಿಗೆಯನ್ನು ನೋಡುವ ಕ್ರಮ

ಇಲ್ಲಿ ಜನ ಮಾಡುವ ಸಾಮಾನ್ಯ ತಪ್ಪೆಂದರೆ ದವಡೆಯ ಕೆಳಗೆ ತಡಕುವುದು. ಅಲ್ಲಿ ಸಿಗುವುದು ದುಗ್ಧಗ್ರಂಥಿ ಅಥವಾ ಜೊಲ್ಲುಗ್ರಂಥಿ. ಥೈರಾಯ್ಡ್ ಅದಕ್ಕಿಂತ ಬಹಳ ಕೆಳಗೆ, ಗಂಟಲುಮಣಿಗೂ ಕೊರಳಿನ ಕೆಳಗಿನ ಎಲುಬುಗಳಿಗೂ ನಡುವೆ ಇದೆ.

ಬೆಳಕಿರುವ ಕಡೆ ಕುಳಿತು ಕೈಗನ್ನಡಿಯಲ್ಲಿ ಆ ಜಾಗ ಕಾಣುವಂತೆ ಹಿಡಿಯಿರಿ. ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ. ಒಂದು ಗುಟುಕು ನೀರು ಕುಡಿದು ನುಂಗುತ್ತಾ ನೋಡಿ. ಥೈರಾಯ್ಡ್‌ಗೆ ಸೇರಿದ ಉಬ್ಬು ನುಂಗುವಾಗ ಮೇಲೇರಿ ಇಳಿಯುತ್ತದೆ. ಎರಡು ಮೂರು ಸಲ ಮಾಡಿ, ಎಡಬಲಗಳಲ್ಲಿ ವ್ಯತ್ಯಾಸವಿದೆಯೇ ಗಮನಿಸಿ. ಗಂಟಲುಮಣಿಯೂ ಮೇಲೆ ಕೆಳಗೆ ಚಲಿಸುತ್ತದೆ, ಅದನ್ನೇ ಗಂಟು ಎಂದು ಗಾಬರಿಯಾಗಬೇಡಿ.

ಕಂಡ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕ್ಯಾನ್ಸರ್ ಅಲ್ಲ. ಆದರೆ ಗಂಟು ಕಲ್ಲಿನಂತೆ ಗಟ್ಟಿಯಾಗಿದ್ದರೆ, ವಾರಗಳಲ್ಲಿ ಬೆಳೆಯುತ್ತಿದ್ದರೆ, ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ, ನುಂಗಲು ತೊಡಕಾದರೆ, ಕುತ್ತಿಗೆಯ ಪಕ್ಕದಲ್ಲೂ ಗಡ್ಡೆಗಳಿದ್ದರೆ ಬೇಗ ತೋರಿಸಿ. ಬಾಲ್ಯದಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರು, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಕಂಡವರು ಇನ್ನೂ ಎಚ್ಚರವಾಗಿರಬೇಕು. ಜ್ವರ, ನೆಗಡಿ ಬಂದುಹೋದ ಮೇಲೆ ಕುತ್ತಿಗೆಯ ಮುಂಭಾಗ ಮುಟ್ಟಿದರೆ ನೋಯುತ್ತಿದ್ದು, ಆ ನೋವು ದವಡೆ, ಕಿವಿಯವರೆಗೆ ಹರಡಿದರೆ ಅದು ಹಂತ 3ರಲ್ಲಿ ಹೇಳಿದ ಉರಿಯೂತವಿರಬಹುದು.

ಇದನ್ನು ಮರೆಯಬೇಡಿ: ಹಾರ್ಮೋನಿನ ವರದಿ ಸರಿಯಿದೆ ಎಂದ ಮಾತ್ರಕ್ಕೆ ಗಂಟು ಸುರಕ್ಷಿತ ಎಂದಾಗದು. ಥೈರಾಯ್ಡ್ ಕ್ಯಾನ್ಸರ್ ಇರುವ ಹೆಚ್ಚಿನವರ ರಕ್ತದಲ್ಲಿ ಹಾರ್ಮೋನು ಸರಿಯಾಗಿಯೇ ಇರುತ್ತದೆ. ಗಂಟಿಗೆ ಅಲ್ಟ್ರಾಸೌಂಡ್ ಬೇಕು, ಅಗತ್ಯ ಬಿದ್ದರೆ ತೆಳು ಸೂಜಿಯಿಂದ ಜೀವಕೋಶ ತೆಗೆದು ನೋಡುವ ಪರೀಕ್ಷೆ ಬೇಕು.

ಹಂತ 6: ಹಿನ್ನೆಲೆಯ ಪಟ್ಟಿ

ಪುಸ್ತಕದ ಹೊಸ ಪುಟದಲ್ಲಿ ಇವಿಷ್ಟಕ್ಕೆ ಹೌದು, ಅಲ್ಲ ಎಂದು ಬರೆಯಿರಿ. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಥೈರಾಯ್ಡ್ ತೊಂದರೆ. ಟೈಪ್ 1 ಮಧುಮೇಹ, ತೊನ್ನು, ಸೀಲಿಯಾಕ್ ಕಾಯಿಲೆ (ಗೋಧಿಯ ಗ್ಲುಟೆನ್ ಕರುಳಿಗೆ ಒಗ್ಗದ ಕಾಯಿಲೆ). ಹಿಂದೆ ಥೈರಾಯ್ಡ್ ಶಸ್ತ್ರಚಿಕಿತ್ಸೆ ಅಥವಾ ರೇಡಿಯೋ ಅಯೋಡಿನ್ ಚಿಕಿತ್ಸೆ. ಹೃದಯದ ಲಯಕ್ಕೆ ಕೊಡುವ ಅಮಿಯೊಡರೋನ್, ಮನೋರೋಗಕ್ಕೆ ಕೊಡುವ ಲಿಥಿಯಂ, ಕೆಲವು ಕ್ಯಾನ್ಸರ್ ಔಷಧಿಗಳು. ಇತ್ತೀಚೆಗೆ ಬಣ್ಣದ್ರವ ಚುಚ್ಚಿ ಮಾಡಿದ ಸಿಟಿ ಸ್ಕ್ಯಾನ್, ಏಕೆಂದರೆ ಅದರಲ್ಲಿ ಅಯೋಡಿನ್ ಹೇರಳವಾಗಿರುತ್ತದೆ. ಕಳೆದ ಒಂದು ವರ್ಷದಲ್ಲಿ ಹೆರಿಗೆ. ಡೌನ್ ಅಥವಾ ಟರ್ನರ್ ಸಿಂಡ್ರೋಮ್ ಎಂಬ ಹುಟ್ಟಿನ ವರ್ಣತಂತು ತೊಂದರೆಗಳು. ಒಂದಕ್ಕೆ ‘ಹೌದು’ ಬಂದರೂ ದುರ್ಬಲ ಅನುಮಾನ ಪರೀಕ್ಷೆಗೆ ಅರ್ಹವಾಗುತ್ತದೆ. ಮಹಿಳೆಯರಲ್ಲಿ ಈ ತೊಂದರೆಗಳು ಪುರುಷರಿಗಿಂತ ಹಲವು ಪಟ್ಟು ಹೆಚ್ಚು. ಹಾಗೆಂದು ಪುರುಷರಿಗೆ ಬರುವುದೇ ಇಲ್ಲವೆಂದು ಭಾವಿಸಿ ತಡಮಾಡುವವರೂ ಕಡಿಮೆಯಿಲ್ಲ.

ಹಂತ 7: ಪಟ್ಟಿಗೆ ಹೊಂದದವರು

ಮೇಲಿನ ಹಂತಗಳು ನಡುವಯಸ್ಸಿನವರಿಗೆ ಚೆನ್ನಾಗಿ ಒಗ್ಗುತ್ತವೆ. ಉಳಿದವರಿಗೆ ಬೇರೆ ಕಣ್ಣು ಬೇಕು.

ವಯಸ್ಸಾದವರಲ್ಲಿ ಹಾರ್ಮೋನು ಹೆಚ್ಚಾದರೂ ನಡುಕ, ಚಡಪಡಿಕೆ ಇರದಿರಬಹುದು. ಸುಮ್ಮನೆ ಕುಳಿತಿರುತ್ತಾರೆ, ಊಟ ಬೇಡವೆನ್ನುತ್ತಾರೆ, ತೂಕ ಇಳಿಯುತ್ತದೆ. ಒಂದು ದಿನ ಹೃದಯದ ತಾಳ ತಪ್ಪಿರುವುದು ಗೊತ್ತಾಗುತ್ತದೆ. ಹಾರ್ಮೋನು ಕಡಿಮೆಯಾದಾಗ ಬರುವ ಮರೆವು, ಮಂಕುತನ ‘ವಯಸ್ಸಾಯಿತಲ್ಲ’ ಎಂಬ ಒಂದೇ ಮಾತಿನಲ್ಲಿ ಮುಚ್ಚಿಹೋಗುತ್ತದೆ.

ಹೆರಿಗೆಯಾದ ಮೊದಲ ವರ್ಷದಲ್ಲಿ ಗ್ರಂಥಿಗೆ ಉರಿಯೂತ ಬರುವುದುಂಟು. ಸುಮಾರು 1ರಿಂದ 4ನೇ ತಿಂಗಳ ನಡುವೆ ಎದೆಬಡಿತ, ಸಿಡುಕು. 4ರಿಂದ 8ನೇ ತಿಂಗಳಲ್ಲಿ ಆಯಾಸ, ಖಿನ್ನತೆ. ಮಗು ರಾತ್ರಿ ಮಲಗಗೊಡುವುದಿಲ್ಲ, ಅದಕ್ಕೇ ಹೀಗೆ ಎಂದು ಮನೆಯವರೆಲ್ಲ ಒಪ್ಪಿಕೊಂಡುಬಿಡುತ್ತಾರೆ. ಬಾಣಂತಿಯ ಖಿನ್ನತೆಗೆ ಚಿಕಿತ್ಸೆ ಆರಂಭಿಸುವಾಗ ಥೈರಾಯ್ಡ್ ಕೆಲಸವನ್ನು ರಕ್ತದಿಂದ ತಿಳಿಸುವ ಒಂದು ಟಿಎಸ್‌ಎಚ್ ಪರೀಕ್ಷೆ ಮಾಡಿಸಿರಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಗರ್ಭಿಣಿಯರು ಲಕ್ಷಣಗಳನ್ನು ನೆಚ್ಚಿಕೊಳ್ಳಲೇಬಾರದು. ಆಯಾಸ, ಸೆಕೆ, ಎದೆಬಡಿತ, ಮಲಬದ್ಧತೆ ಬಸಿರಿನಲ್ಲೂ ಸಹಜ. ಈಗಾಗಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಗರ್ಭ ಖಚಿತವಾದ ವಾರವೇ ವೈದ್ಯರಿಗೆ ತಿಳಿಸಬೇಕು. ಆರಂಭದ ವಾರಗಳಲ್ಲಿ ಭ್ರೂಣ ತಾಯಿಯ ಹಾರ್ಮೋನನ್ನೇ ಅವಲಂಬಿಸಿರುತ್ತದೆ, ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಏರಿಸಬೇಕಾಗುತ್ತದೆ.

ಮಕ್ಕಳಲ್ಲಿ ತೂಕಕ್ಕಿಂತ ಎತ್ತರವೇ ಮುಖ್ಯ ಸುಳಿವು. ಗೋಡೆಯ ಮೇಲಿನ ಎತ್ತರದ ಗೆರೆಗಳು ವರ್ಷವಾದರೂ ಮೇಲೇರದಿದ್ದರೆ, ಓದಿನಲ್ಲಿ ಹಿಂದೆ ಬಿದ್ದಿದ್ದರೆ, ಪ್ರೌಢಾವಸ್ಥೆ ತಡವಾಗುತ್ತಿದ್ದರೆ ಪರೀಕ್ಷೆ ಮಾಡಿಸಿ. ನವಜಾತ ಶಿಶುವಿನಲ್ಲಂತೂ ಗುರುತಿಗಾಗಿ ಕಾಯುವುದೇ ತಪ್ಪು. ಸುಮಾರು 2000ದಿಂದ 4000 ಶಿಶುಗಳಲ್ಲಿ ಒಂದಕ್ಕೆ ಹುಟ್ಟಿನಿಂದಲೇ ಈ ಕೊರತೆ ಇರುತ್ತದೆ, ಆದರೆ ಹುಟ್ಟಿದಾಗ ಮಗು ಆರೋಗ್ಯವಾಗಿಯೇ ಕಾಣುತ್ತದೆ. ದೀರ್ಘಕಾಲದ ಕಾಮಾಲೆ, ದೊರಗು ಅಳು, ಹಾಲು ಕುಡಿಯಲು ಸೋಮಾರಿತನ, ದಪ್ಪ ನಾಲಗೆ ಕಾಣಿಸಿಕೊಳ್ಳುವ ಹೊತ್ತಿಗೆ ಮಿದುಳಿನ ಬೆಳವಣಿಗೆಯ ಅಮೂಲ್ಯ ದಿನಗಳು ಕಳೆದಿರುತ್ತವೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಹಿಮ್ಮಡಿಯಿಂದ ತೊಟ್ಟು ರಕ್ತ ತೆಗೆದು ಮಾಡುವ ಪರೀಕ್ಷೆ ಆಗಿದೆಯೇ ಎಂದು ಆಸ್ಪತ್ರೆಯಿಂದ ಹೊರಡುವ ಮುನ್ನ ಕೇಳಿ. ಎರಡು ವಾರದೊಳಗೆ ಚಿಕಿತ್ಸೆ ಆರಂಭವಾದರೆ ಮಗು ಸಹಜವಾಗಿ ಬೆಳೆಯಬಲ್ಲದು.

ಹಂತ 8: ರಕ್ತ ಕೊಡುವ ಮುನ್ನ

ಮೊದಲ ಪರೀಕ್ಷೆ ಟಿಎಸ್‌ಎಚ್. ಅದರ ಜೊತೆ ಫ್ರೀ ಟಿ4 (ಥೈರಾಯ್ಡ್ ಸುರಿಸುವ ಟಿ4 ಹಾರ್ಮೋನಿನಲ್ಲಿ ರಕ್ತದ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಭಾಗ) ಇದ್ದರೆ ಒಳ್ಳೆಯದು. ಒಟ್ಟು ಟಿ4 ಅಳತೆ ಗರ್ಭಿಣಿಯರಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ಸೇವಿಸುವವರಲ್ಲಿ ಸುಮ್ಮನೆ ಏರಿರುತ್ತದೆ. ಹದಿನೈದು ಅಂಶಗಳ ದೊಡ್ಡ ಪ್ಯಾಕೇಜಿನ ಅಗತ್ಯ ಆರಂಭದಲ್ಲಿ ಇಲ್ಲ. ಸುಸ್ತಿನ ಬೇರೆ ಕಾರಣಗಳಿಗಾಗಿ ಹಿಮೋಗ್ಲೋಬಿನ್, ಬಿ12, ಸಕ್ಕರೆ ಪರೀಕ್ಷೆಗಳನ್ನು ಜೊತೆಗೆ ಮಾಡಿಸುವುದು ಅದಕ್ಕಿಂತ ಜಾಣತನ.

ಈಗ ಆ ವಿಟಮಿನ್‌ನ ಮಾತು. ಕೂದಲು, ಉಗುರಿಗೆಂದು ಮಾರುವ ಮಾತ್ರೆಗಳಲ್ಲಿ ಬಯೋಟಿನ್ ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಅದು ಗ್ರಂಥಿಗೇನೂ ಮಾಡುವುದಿಲ್ಲ, ಆದರೆ ಹಲವು ಪ್ರಯೋಗಾಲಯಗಳ ಪರೀಕ್ಷಾ ವಿಧಾನವನ್ನೇ ದಾರಿ ತಪ್ಪಿಸುತ್ತದೆ: ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಎಂಬ ಸುಳ್ಳು ವರದಿ ಬರುತ್ತದೆ. ಕೂದಲು ಉದುರುತ್ತದೆಂದು ಮಾತ್ರೆ ನುಂಗಿ, ಅದೇ ಕಾರಣಕ್ಕೆ ಥೈರಾಯ್ಡ್ ಪರೀಕ್ಷೆಗೆ ಹೋದವರು ಈ ಬಲೆಗೆ ನೇರವಾಗಿ ಬೀಳುತ್ತಾರೆ. ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ, ಸೇವಿಸುವ ಪ್ರಮಾಣ ಬಹಳ ಹೆಚ್ಚಿದ್ದರೆ ಎಷ್ಟು ದಿನ ಬಿಡಬೇಕೆಂದು ವೈದ್ಯರನ್ನು ಕೇಳಿ.

ಜ್ವರ, ಆಸ್ಪತ್ರೆವಾಸ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹಾರ್ಮೋನಿನ ಮಟ್ಟಗಳು ತಾತ್ಕಾಲಿಕವಾಗಿ ಏರುಪೇರಾಗುತ್ತವೆ. ಲಕ್ಷಣಗಳು ತೀವ್ರವಾಗಿಲ್ಲದಿದ್ದರೆ ಗುಣವಾಗಿ ಕೆಲವು ವಾರ ಕಳೆದ ಮೇಲೆ ಪರೀಕ್ಷಿಸಿ. ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನ ಇಳಿಯುತ್ತದೆ. ಆದ್ದರಿಂದ ಪ್ರತಿ ಸಲವೂ ಬೆಳಿಗ್ಗೆ, ಹೆಚ್ಚುಕಡಿಮೆ ಅದೇ ಸಮಯಕ್ಕೆ, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ ರಕ್ತ ಕೊಡಿ. ಉಪವಾಸ ಕಡ್ಡಾಯವಲ್ಲ. ಥೈರಾಯ್ಡ್ ಮಾತ್ರೆ ಸೇವಿಸುವವರು ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ನಂತರ ತೆಗೆದುಕೊಳ್ಳಲಿ.

ಹಂತ 9: ವರದಿಯನ್ನು ತಲೆಕೆಳಗಾಗಿ ಓದಬೇಡಿ

ಟಿಎಸ್‌ಎಚ್ ಥೈರಾಯ್ಡ್‌ನ ಹಾರ್ಮೋನಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡ್‌ಗೆ ಕೊಡುವ ಆಜ್ಞೆ ಅದು. ಕೆಲಸಗಾರ ನಿಧಾನಿಸಿದರೆ ಮೇಸ್ತ್ರಿಯ ಕೂಗು ಜೋರಾಗುತ್ತದೆ, ಕೆಲಸ ಮಿತಿಮೀರಿದರೆ ಮೇಸ್ತ್ರಿ ಸುಮ್ಮನಾಗುತ್ತಾನೆ. ‘ನನ್ನ ಥೈರಾಯ್ಡ್ 12ಕ್ಕೆ ಏರಿದೆ’ ಎನ್ನುವವರಲ್ಲಿ ಏರಿರುವುದು ಮೇಸ್ತ್ರಿಯ ಕೂಗು. ಗ್ರಂಥಿಯ ಕೆಲಸ ಇಳಿದಿದೆ.

ವಯಸ್ಕರಲ್ಲಿ ಟಿಎಸ್‌ಎಚ್‌ನ ಸಾಮಾನ್ಯ ಮಿತಿ ಲೀಟರಿಗೆ ಸುಮಾರು 0.4ರಿಂದ 4.0 ಮಿಲಿ ಯೂನಿಟ್. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಸ್ವಲ್ಪ ಬದಲಾಗುತ್ತದೆ, ವಯಸ್ಸಾದಂತೆ ಮೇಲಿನ ಮಿತಿ ಸಹಜವಾಗಿಯೇ ಏರುತ್ತದೆ. ಬಸಿರಿನ ಮೊದಲ ಮೂರು ತಿಂಗಳಲ್ಲಿ ಗರ್ಭದ ಹಾರ್ಮೋನೇ ಥೈರಾಯ್ಡನ್ನು ಪ್ರಚೋದಿಸುವುದರಿಂದ ಟಿಎಸ್‌ಎಚ್ ಇಳಿಯುತ್ತದೆ, ಅದು ಬಹುಮಟ್ಟಿಗೆ ಕಾಯಿಲೆಯಲ್ಲ.

ಟಿಎಸ್‌ಎಚ್ ಹೆಚ್ಚು, ಫ್ರೀ ಟಿ4 ಕಡಿಮೆ ಇದ್ದರೆ ಗ್ರಂಥಿ ಸೋತಿದೆ ಎಂಬುದು ಸ್ಪಷ್ಟ. ಟಿಪಿಒ ಪ್ರತಿಕಾಯದ (ಥೈರಾಯ್ಡ್ ವಿರುದ್ಧ ದೇಹವೇ ತಯಾರಿಸುವ ಪ್ರೋಟೀನು) ಪರೀಕ್ಷೆ ಹಾಶಿಮೊಟೊ ಎಂಬ ಕಾರಣವನ್ನು, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯನ್ನು ಹಾಳುಮಾಡುವ ಕಾಯಿಲೆಯನ್ನು, ತಿಳಿಸುತ್ತದೆ. ಅದನ್ನು ಒಮ್ಮೆ ಮಾಡಿಸಿದರೆ ಸಾಕು, ಆರಾರು ತಿಂಗಳಿಗೆ ಅಳೆದು ಚಿಂತೆ ಹೆಚ್ಚಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಟಿಎಸ್‌ಎಚ್ ಸ್ವಲ್ಪ ಹೆಚ್ಚು, ಟಿ4 ಸರಿ. ಅತಿ ಹೆಚ್ಚು ಗೊಂದಲ ಹುಟ್ಟಿಸುವ ವರದಿ ಇದೇ. 5, 6, 7 ಎಂಬ ಅಂಕಿ ಕಂಡ ಕೂಡಲೇ ಜೀವನಪರ್ಯಂತ ಮಾತ್ರೆ ಎಂದುಕೊಳ್ಳಬೇಡಿ. ಎರಡು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿದಾಗ ಹಲವರಲ್ಲಿ ಅದು ತಾನಾಗಿಯೇ ಸರಿಹೋಗಿರುತ್ತದೆ. 10 ದಾಟಿದ್ದು ಮರುಪರೀಕ್ಷೆಯಲ್ಲೂ ಹಾಗೆಯೇ ಇದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಕೊಡುತ್ತಾರೆ. ಗರ್ಭಿಣಿಯರಲ್ಲಿ, ಗರ್ಭಕ್ಕಾಗಿ ಪ್ರಯತ್ನಿಸುತ್ತಿರುವವರಲ್ಲಿ ಲೆಕ್ಕಾಚಾರ ಬೇರೆ, ಅಲ್ಲಿ ಕಾಯುವುದಿಲ್ಲ.

ಟಿಎಸ್‌ಎಚ್ ಕಡಿಮೆ, ಟಿ4 ಅಥವಾ ಗ್ರಂಥಿಯ ಇನ್ನೊಂದು ಹಾರ್ಮೋನಾದ ಟಿ3 ಹೆಚ್ಚು ಇದ್ದರೆ ಹಾರ್ಮೋನು ಹೆಚ್ಚಾಗಿದೆ ಎಂದಷ್ಟೇ ತಿಳಿಯಿತು. ಏಕೆ ಎಂಬುದು ಮುಂದಿನ ಪ್ರಶ್ನೆ. ಗ್ರೇವ್ಸ್ ಕಾಯಿಲೆಯಲ್ಲಿ ಗ್ರಂಥಿ ಹೆಚ್ಚು ತಯಾರಿಸುತ್ತಿದೆ, ಉರಿಯೂತದಲ್ಲಿ ಬರೀ ಸೋರುತ್ತಿದೆ. ತಯಾರಿಕೆಯನ್ನು ತಡೆಯುವ ಮಾತ್ರೆ ಸೋರಿಕೆಗೆ ಕೆಲಸ ಮಾಡುವುದಿಲ್ಲ. ಆದ್ದರಿಂದ ಪ್ರತಿಕಾಯದ ಪರೀಕ್ಷೆ ಅಥವಾ ಗ್ರಂಥಿಯ ಸ್ಕ್ಯಾನ್ ಇಲ್ಲದೆ ಚಿಕಿತ್ಸೆ ಆರಂಭವಾದರೆ ‘ಕಾರಣ ಯಾವುದು?’ ಎಂದು ಕೇಳಿ.

ಇನ್ನೊಂದು ಅಪರೂಪದ ಜೋಡಿ ಇದೆ: ಟಿ4 ಕಡಿಮೆ, ಆದರೆ ಟಿಎಸ್‌ಎಚ್ ಕಡಿಮೆ ಅಥವಾ ‘ನಾರ್ಮಲ್’. ಮೇಸ್ತ್ರಿಯೇ ಕಾಯಿಲೆ ಬಿದ್ದಿದ್ದಾನೆ. ಟಿಎಸ್‌ಎಚ್ ಒಂದನ್ನೇ ನೋಡುವವರಿಗೆ ಇದು ತಪ್ಪಿಹೋಗುತ್ತದೆ. ತಲೆನೋವು, ದೃಷ್ಟಿಯ ಅಂಚು ಕುಗ್ಗುವುದು, ಮುಟ್ಟು ನಿಂತುಹೋಗುವುದು ಜೊತೆಗಿದ್ದರೆ ಹಾರ್ಮೋನು ತಜ್ಞರನ್ನು ತಡವಿಲ್ಲದೆ ಕಾಣಿ.

ಎಲ್ಲವೂ ಸರಿ ಎಂದು ವರದಿ ಬಂದರೂ ಸುಸ್ತು ಹಾಗೆಯೇ ಇದ್ದರೆ ಕಾರಣ ಬೇರೆಡೆ ಇದೆ. ರಕ್ತಹೀನತೆ, ಗೊರಕೆಯಿಂದ ಕೆಡುವ ನಿದ್ದೆ, ಖಿನ್ನತೆ, ಮುಟ್ಟು ನಿಲ್ಲುವ ವಯಸ್ಸು, ಸಕ್ಕರೆ ಕಾಯಿಲೆ ಮೊದಲು ನೋಡಬೇಕಾದವು. ಪ್ರಯೋಗಾಲಯ ಬದಲಿಸಿ ಮತ್ತೆ ಮತ್ತೆ ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಕಾಲಹರಣ.

ಹಂತ 10: ವೈದ್ಯರ ಮುಂದೆ

ಪುಸ್ತಕವನ್ನು ತೆಗೆದುಕೊಂಡು ಹೋಗಿ, ಆದರೆ ಪೂರ್ತಿ ಓದಿ ಹೇಳಬೇಡಿ. ಮೊದಲ ಪುಟದಲ್ಲಿ ನಾಲ್ಕು ಸಾಲು ಬರೆದಿಟ್ಟುಕೊಳ್ಳಿ: ಏನು ಬದಲಾಗಿದೆ, ಯಾವ ತಿಂಗಳಿಂದ, ಎರಡು ವಾರದ ನಾಡಿಯ ಸರಾಸರಿ, ಹಿನ್ನೆಲೆಯಲ್ಲಿ ‘ಹೌದು’ ಬಂದ ಅಂಶಗಳು. ಮಾತ್ರೆಗಳ ಪಟ್ಟಿಯನ್ನು ಕೈಗೆ ಕೊಡಿ. ಮನೆಯವರ ಹಳೆಯ ಥೈರಾಯ್ಡ್ ಮಾತ್ರೆಯನ್ನು ನೀವಾಗಿಯೇ ನುಂಗಿ ನೋಡಿದ್ದರೆ ಅದನ್ನೂ ಹೇಳಿ. ಮುಚ್ಚಿಟ್ಟರೆ ವರದಿಗೆ ಅರ್ಥವೇ ಇರುವುದಿಲ್ಲ. ಅಯೋಡಿನ್ ಅಥವಾ ಕಡಲಪಾಚಿಯ ಮಾತ್ರೆಗಳನ್ನು ‘ಥೈರಾಯ್ಡ್‌ಗೆ ಒಳ್ಳೆಯದು’ ಎಂದು ಶುರುಮಾಡಿದ್ದರೆ ಅದನ್ನೂ ಹೇಳಬೇಕು, ಏಕೆಂದರೆ ಅತಿಯಾದ ಅಯೋಡಿನ್ ಗ್ರಂಥಿಯನ್ನು ಎರಡೂ ದಿಕ್ಕಿಗೆ ಕೆಡಿಸಬಲ್ಲದು.

ಕುತ್ತಿಗೆಯಲ್ಲಿ ಗಂಟು, ಊತ ಇಲ್ಲದ ಸಾದಾ ಹಾರ್ಮೋನು ಕೊರತೆಗೆ ಅಲ್ಟ್ರಾಸೌಂಡ್ ಅಗತ್ಯವಿಲ್ಲ. ಚಿಕಿತ್ಸೆಗೆ ಮುಖ್ಯವಲ್ಲದ ಸಣ್ಣ ಗಂಟುಗಳು ಅದರಲ್ಲಿ ಕಂಡು, ಇಲ್ಲದ ಭಯ ಹುಟ್ಟಿಕೊಳ್ಳುವುದೇ ಹೆಚ್ಚು.

ಹಾರ್ಮೋನಿನ ಕೊರತೆ ತುಂಬುವ ಲೆವೊಥೈರಾಕ್ಸಿನ್ ಮಾತ್ರೆ ಆರಂಭವಾದರೆ ಖಾಲಿ ಹೊಟ್ಟೆಯಲ್ಲಿ, ನೀರಿನೊಂದಿಗೆ ತೆಗೆದುಕೊಂಡು ಅರ್ಧದಿಂದ ಒಂದು ಗಂಟೆ ಏನನ್ನೂ ತಿನ್ನದೆ, ಕಾಫಿಯನ್ನೂ ಕುಡಿಯದೆ ಇರಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಮಾತ್ರೆ ಶುರುವಾದ ಹತ್ತನೇ ದಿನಕ್ಕೆ ರಕ್ತ ಪರೀಕ್ಷಿಸಿ ‘ಏನೂ ಬದಲಾಗಿಲ್ಲ’ ಎಂದು ನಿಲ್ಲಿಸಿಬಿಡುವವರಿದ್ದಾರೆ. ಟಿ4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು, ಟಿಎಸ್‌ಎಚ್ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಆ ದಿನಾಂಕವನ್ನು ಅದೇ ಪುಸ್ತಕದಲ್ಲಿ ಬರೆದು, ಅಲ್ಲಿಯವರೆಗೆ ಬೆಳಗಿನ ನಾಡಿ ಎಣಿಸುವುದನ್ನು ಮುಂದುವರಿಸಿ. ಎಣಿಕೆ 100 ದಾಟಿದರೆ, ಬೆರಳು ನಡುಗಲು ಶುರುವಾದರೆ ಮಾತ್ರೆಯ ಪ್ರಮಾಣ ಹೆಚ್ಚಾಗಿರಬಹುದು. ಆಗ ಎಂಟು ವಾರ ತುಂಬುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.